ಲಿಯೋ ಫೆಂಡರ್: ಗಿಟಾರ್ ನುಡಿಸಲು ಬಾರದ ಗಿಟಾರ್ ತಯಾರಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಸರ್ ಎಂ. ವಿಶ್ವೇಶ್ವರಯ್ಯ, ಸರ್ ಸಿ. ವಿ. ರಾಮನ್ ಅವರ ಹೆಸರು ಮೊದಲು ನೆನಪಾಗುವುದು ಸಹಜ. ಅವರ ಬಗ್ಗೆ ನಮ್ಮ ಮಕ್ಕಳು ಪ್ರತಿ ವರ್ಷವೂ ಪ್ರಬಂಧ ಬರೆಯುತ್ತಾರೆ, ಭಾಷಣ ಮಾಡುತ್ತಾರೆ. ಹಾಗಾಗಿ ಹೆಸರು ಅಷ್ಟಾಗಿ ಕೇಳದಿದ್ದರೂ ಕೆಲಸವನ್ನು ನಾವೆಲ್ಲರೂ ಕಿವಿಯಾರೆ ಕೇಳಿರುವ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ, ಚರ್ಚಿನ ಹಾಡುಗಳಲ್ಲಿ, ರಾಜನ್-ನಾಗೇಂದ್ರ ಅವರ ಚಿತ್ರಗೀತೆಗಳ ಕಾಲದಿಂದ ಇಂದಿನವರೆಗೆ ಗಿಟಾರಿನ ನಾದ ಕೇಳದವರು ಯಾರಿದ್ದಾರೆ? ಆ ಗಿಟಾರಿಗೆ ವಿದ್ಯುತ್ತಿನ ಸಂಪರ್ಕ ಕೊಟ್ಟವರಲ್ಲಿ, ಅದರ ಮೈಮೇಲೆ ಶಬ್ದ ಹೆಚ್ಚು ಕಡಿಮೆ ಮಾಡುವ ನಾಬುಗಳನ್ನು ಕೂರಿಸಿ ಜನಸಾಮಾನ್ಯರ ಕೈಗೆಟುಕುವಂತೆ ಮಾಡಿದವರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಮುಖರು. ವಿಚಿತ್ರವೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಶ್ರುತಿ ಮಾಡಲೂ ಬರುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸನ್ನು ಕಾಲೇಜಿನಲ್ಲಿ ಓದಿದವರೂ ಅಲ್ಲ. ಓದಿದ್ದು ಲೆಕ್ಕಪತ್ರ.

ಕ್ಲಾರೆನ್ಸ್ ಲಿಯೋನಿಡಸ್ ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಆರೆಂಜ್ ಕೌಂಟಿಯಲ್ಲಿ. ಹೆಸರೇ ಹೇಳುವಂತೆ ಅದು ಕಿತ್ತಳೆಯ ನಾಡು. ಅನಹೈಮ್ ಮತ್ತು ಫುಲ್ಲರ್ಟನ್ ಎಂಬ ಎರಡು ಊರುಗಳ ನಡುವೆ ತಂದೆ ತಾಯಿಗೆ ಕಿತ್ತಳೆ ತೋಟವಿತ್ತು. ಕಾಫಿ ಗಿಡಗಳ ನಡುವೆ ಕಿತ್ತಳೆ ಬೆಳೆದು ಗೊತ್ತಿರುವ ನಮ್ಮ ಕಡೆಯವರಿಗೆ ಅಂಥ ಮನೆಯ ದಿನಚರಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ತೋಟದ ಕೆಲಸ ಯಾವತ್ತೂ ಮುಗಿಯುವುದಿಲ್ಲ, ಕೆಟ್ಟ ಪಂಪನ್ನು ಬಿಚ್ಚಿ ನೋಡದೆ ವಿಧಿಯಿಲ್ಲ.

ಎಂಟನೆಯ ವಯಸ್ಸಿನಲ್ಲಿ ಬಾಲಕ ಲಿಯೋನ ಎಡಗಣ್ಣಿನಲ್ಲಿ ಗೆಡ್ಡೆ ಬೆಳೆದು ಆ ಕಣ್ಣನ್ನೇ ತೆಗೆಯಬೇಕಾಯಿತು. ಮುಂದೆ ಜೀವನವಿಡೀ ಆತ ಗಾಜಿನ ಕಣ್ಣು ಹಾಕಿಕೊಂಡೇ ಬದುಕಿದ. ಕೂದಲಿಗಿಂತ ಸಣ್ಣ ತಂತಿ ಸುತ್ತುವ, ಬೆಸುಗೆ ಹಾಕುವ ಕೆಲಸವನ್ನೆಲ್ಲ ಮುಂದೆ ಮಾಡಿದ್ದು ಒಂದೇ ಕಣ್ಣಿನಿಂದ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯ ಸೇರದೆ ಊರಿನಲ್ಲೇ ಉಳಿದದ್ದಕ್ಕೂ ಇದೇ ಕಾರಣ.

1922ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಸಾಂಟಾ ಮರಿಯಾ ಎಂಬಲ್ಲಿ ವಾಹನಗಳ ವಿದ್ಯುತ್ ರಿಪೇರಿ ಅಂಗಡಿ ಇಟ್ಟಿದ್ದ ಬಂಧುವೊಬ್ಬರು ಆ ಹುಡುಗನಿಗೆ ಬೇಡವಾದ ರೇಡಿಯೋ ಭಾಗಗಳ ಒಂದು ಪೆಟ್ಟಿಗೆ ಮತ್ತು ಬ್ಯಾಟರಿ ಕಳುಹಿಸಿಕೊಟ್ಟರು. ಮರುವರ್ಷ ಆ ಅಂಗಡಿಗೆ ಹೋದಾಗ, ಹಳೆಯ ಭಾಗಗಳಿಂದಲೇ ಕಟ್ಟಿದ್ದ ರೇಡಿಯೋದ ಸ್ಪೀಕರಿನಿಂದ ಜೋರಾಗಿ ಹೊಮ್ಮುತ್ತಿದ್ದ ಸಂಗೀತ ಕೇಳಿ ಹುಡುಗ ಬೆರಗಾದ. ಊರಿಗೆ ಬಂದವನೇ ಮನೆಯ ಒಂದು ಮೂಲೆಯಲ್ಲಿ ರೇಡಿಯೋ ರಿಪೇರಿ ಶುರುಮಾಡಿದ. ಕಲಿಸುವವರು ಯಾರೂ ಇರಲಿಲ್ಲ, ಬಿಚ್ಚುವುದು, ನೋಡುವುದು, ಕೂಡಿಸುವುದು, ಅಷ್ಟೆ. ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೂ ಯಂತ್ರಗಳನ್ನು ಬಿಚ್ಚಿ ನೋಡುವ ಇಂಥದೇ ಕುತೂಹಲವಿದ್ದುದು ಅವರ ಓದುಗರಿಗೆಲ್ಲ ಗೊತ್ತು. ಈ ಗುಣ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಕಾಣುತ್ತದೆ. ಮೇಷ್ಟರುಗಳಾದ ನಾವು ಅದನ್ನು ಕಲಿಸುವುದಕ್ಕಿಂತ ಅದಕ್ಕೆ ಅಡ್ಡ ಬರದಿದ್ದರೆ ಸಾಕು.

1928ರಲ್ಲಿ ಫುಲ್ಲರ್ಟನ್‌ನ ಸಾರ್ವಜನಿಕ ಹೈಸ್ಕೂಲಿನಿಂದ ಹೊರಬಂದ ಲಿಯೋ ಅದೇ ಊರಿನ ಜೂನಿಯರ್ ಕಾಲೇಜಿನಲ್ಲಿ ಲೆಕ್ಕಪತ್ರ ಓದಿದರು. ಚಿಕ್ಕಂದಿನಲ್ಲಿ ಪಿಯಾನೋ, ಆಮೇಲೆ ಸ್ಯಾಕ್ಸೊಫೋನ್ ಅಭ್ಯಾಸ ಮಾಡಿದ್ದುಂಟು, ಆದರೆ ಗಿಟಾರನ್ನು ಮಾತ್ರ ಕಲಿಯಲಿಲ್ಲ. ಮಂಜುಗಡ್ಡೆ ಮಾರುವ ಕಂಪನಿಯೊಂದರಲ್ಲಿ ಮೊದಲು ಸರಕು ಮುಟ್ಟಿಸುವ ಕೆಲಸ ಮಾಡಿ, ಆಮೇಲೆ ಅಲ್ಲಿಯೇ ಲೆಕ್ಕ ಬರೆಯುವವರಾದರು. ಆ ಹೊತ್ತಿಗೆ ಸ್ಥಳೀಯ ವಾದ್ಯವೃಂದದ ಮುಖ್ಯಸ್ಥರೊಬ್ಬರು ನೃತ್ಯ ಕೂಟಗಳಿಗಾಗಿ ಮೈಕ್‌ಸೆಟ್ ಮಾಡಿಕೊಡಲು ಕೇಳಿದರು. ಲಿಯೋ ಅಂಥ ಆರು ಸೆಟ್‌ಗಳನ್ನು ಕಟ್ಟಿಕೊಟ್ಟರು. 1934ರಲ್ಲಿ ಎಸ್ತರ್ ಕ್ಲೋಸ್ಕಿ ಎಂಬುವರೊಂದಿಗೆ ಮದುವೆಯಾಯಿತು. ಸರ್ಕಾರದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗರ ಕೆಲಸವೂ ಸಿಕ್ಕಿತು.

ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಇಲಾಖೆಯಲ್ಲಿ ಆ ಹುದ್ದೆಯೇ ರದ್ದಾಯಿತು. ಟೈರ್ ಕಂಪನಿಯೊಂದರಲ್ಲಿ ಮತ್ತೆ ಲೆಕ್ಕದ ಕೆಲಸ ಹಿಡಿದರು, ಆರು ತಿಂಗಳಲ್ಲಿ ಅದೂ ಹೋಯಿತು. ಇಪ್ಪತ್ತೊಂಬತ್ತರ ಆಸುಪಾಸಿನ ವಯಸ್ಸು, ಮದುವೆಯಾಗಿದೆ, ಎರಡು ಕೆಲಸ ಕೈಬಿಟ್ಟಿವೆ. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲ್ಲರ್ಟನ್‌ಗೆ ಮರಳಿ ಫೆಂಡರ್ ರೇಡಿಯೋ ಸರ್ವಿಸ್ ಎಂಬ ಅಂಗಡಿ ತೆರೆದರು. ರೇಡಿಯೋ ರಿಪೇರಿ, ಗ್ರಾಮಫೋನ್ ತಟ್ಟೆಗಳ ಮಾರಾಟ, ಸಭೆ ಸಮಾರಂಭಗಳಿಗೆ ಮೈಕ್‌ಸೆಟ್ ಬಾಡಿಗೆ. ನಮ್ಮ ಪೇಟೆಗಳಲ್ಲಿ ಒಂದು ಕಾಲಕ್ಕೆ ಇದ್ದ ರೇಡಿಯೋ ಅಂಗಡಿಗಳೇ ಕಣ್ಣ ಮುಂದೆ ಬರುತ್ತವೆ: ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕುಳಿತ ಮರ್ಫಿ ರೇಡಿಯೋ, ಬೆಸುಗೆ ಕಾವಿನ ರಾಳದ ವಾಸನೆ, ಗೋಡೆಗೆ ನೇತುಹಾಕಿದ ಗಿರಾಕಿಗಳ ಚೀಟಿ.

ಈ ಅಂಗಡಿಗೆ ಸಂಗೀತಗಾರರೂ ಬರುತ್ತಿದ್ದರು. ಅವರ ತೊಂದರೆ ಬೇರೆಯದು. ತುತ್ತೂರಿ, ಡ್ರಮ್ಮುಗಳ ಅಬ್ಬರದ ನಡುವೆ ಗಿಟಾರಿನ ದನಿ ಕೇಳಿಸುತ್ತಿರಲಿಲ್ಲ. ಟೊಳ್ಳು ಹೊಟ್ಟೆಯ ಗಿಟಾರಿಗೆ ಮೈಕ್ ಹಿಡಿದರೆ ಸ್ಪೀಕರಿನ ಸದ್ದೇ ಹೊಟ್ಟೆಯೊಳಗೆ ಹೊಕ್ಕು, ಮತ್ತೆ ಮೈಕಿಗೆ ಬಂದು, ಕುಂಯ್ ಎಂದು ಊಳಿಡುತ್ತಿತ್ತು. ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಸ್ವಾಗತ ಭಾಷಣದ ಹೊತ್ತಿಗೆ ತಪ್ಪದೆ ಕೇಳಿಬರುವ ಸದ್ದೂ ಅದೇ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ವಿದ್ಯುತ್ ಗಿಟಾರನ್ನು ಕಂಡುಹಿಡಿದವರು ಫೆಂಡರ್ ಎಂದು ಎಷ್ಟೋ ಕಡೆ ಬರೆಯುತ್ತಾರೆ, ಅದು ಸರಿಯಲ್ಲ. 1930ರ ದಶಕದ ಆರಂಭದಲ್ಲೇ ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರು ಬಾಣಲೆಯ ಆಕಾರದ ವಿದ್ಯುತ್ ಗಿಟಾರ್ ತಯಾರಿಸಿದ್ದರು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸುತ್ತ ನುಡಿಸುತ್ತಿದ್ದರು, ಹೆಚ್ಚು ಕಡಿಮೆ ನಮ್ಮ ಗೋಟುವಾದ್ಯದಂತೆ. ಲೆಸ್ ಪಾಲ್, ಪಾಲ್ ಬಿಗ್ಸ್‌ಬಿ ಮೊದಲಾದವರು ಗಟ್ಟಿ ಮರದ ಗಿಟಾರನ್ನು ಪ್ರಯತ್ನಿಸಿದ್ದೂ ಉಂಟು. ಫೆಂಡರ್ ಅವರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಸುಲಭವಾಗಿ ತಯಾರಿಸಬಹುದಾದ, ಸುಲಭವಾಗಿ ರಿಪೇರಿ ಮಾಡಬಹುದಾದ, ಸಾಮಾನ್ಯ ವಾದ್ಯಗಾರ ಕೊಳ್ಳಬಹುದಾದ ಗಿಟಾರನ್ನು ಮಾಡಿದವರು ಅವರು. ರೇಡಿಯೋ ರಿಪೇರಿಯವನ ಬುದ್ಧಿಯೇ ಅಲ್ಲಿ ಕೆಲಸ ಮಾಡಿದ್ದು.

ಯುದ್ಧದ ವರ್ಷಗಳಲ್ಲಿ ಡಾಕ್ ಕಾಫ್‌ಮನ್ ಎಂಬ ಗೆಳೆಯರೊಡನೆ ಸೇರಿ ಕೆ ಆಂಡ್ ಎಫ್ ಎಂಬ ಚಿಕ್ಕ ಕಂಪನಿ ಮಾಡಿ, ತೊಡೆಯ ಮೇಲಿಟ್ಟು ನುಡಿಸುವ ಗಿಟಾರ್ ಮತ್ತು ಆಂಪ್ಲಿಫೈಯರ್ ಮಾರಲು ಆರಂಭಿಸಿದರು. ಗೆಳೆಯರು 1946ರಲ್ಲಿ ಹೊರಗುಳಿದ ಮೇಲೆ ಕಂಪನಿಗೆ ಫೆಂಡರ್ ಹೆಸರೇ ಬಂತು. 1950ರಲ್ಲಿ ಗಟ್ಟಿ ಮರದ, ಮಾಮೂಲಿ ರೀತಿಯಲ್ಲಿ ಕೈಯಲ್ಲಿ ಹಿಡಿದು ನುಡಿಸುವ ಗಿಟಾರ್ ಹೊರಬಂತು. ಮೊದಲು ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. ಗ್ರೆಚ್ ಎಂಬ ಕಂಪನಿ ಅದೇ ಉಚ್ಚಾರಣೆಯ ಹೆಸರಿನಲ್ಲಿ ಡ್ರಮ್ ಮಾರುತ್ತಿದ್ದುದರಿಂದ ಆಕ್ಷೇಪ ಬಂತು. ಮಿತವ್ಯಯಿ ಲೆಕ್ಕಿಗರ ಕಾರ್ಖಾನೆ ನೋಡಿ, ಅಚ್ಚಾಗಿದ್ದ ಹೆಸರಿನ ಚೀಟಿಗಳನ್ನು ಬಿಸಾಡದೆ ಬ್ರಾಡ್‌ಕಾಸ್ಟರ್ ಎಂಬ ಪದವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಅಂಟಿಸಿದರು! ಹೆಸರಿಲ್ಲದ ಆ ಕೆಲವು ತಿಂಗಳ ಗಿಟಾರುಗಳಿಗೆ ಈಗ ಸಂಗ್ರಾಹಕರು ದೊಡ್ಡ ಬೆಲೆ ಕೊಡುತ್ತಾರೆ. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೊಸ ಹೆಸರು ಬಂತು. ಟೆಲಿವಿಷನ್ ಆಗ ಹೊಸ ಸಂಗತಿ. ಅದೇ ವರ್ಷ ವಿದ್ಯುತ್ ಬಾಸ್ ಗಿಟಾರ್, 1954ರಲ್ಲಿ ಸ್ಟ್ರಾಟೊಕಾಸ್ಟರ್.

ಇನ್ನು ಆ ನಾಬುಗಳ ವಿಷಯ. ಜೀವನ ಚರಿತ್ರೆಯ ನಡುವೆ ಪಾಠ ಯಾಕೆ ಎಂದು ಕೇಳಬಹುದು. ಈ ಮನುಷ್ಯನ ಜೀವನವೇ ಆ ನಾಬುಗಳ ಹಿಂದಿನ ನಾಲ್ಕಾರು ತಂತಿಗಳಲ್ಲಿ ಇರುವುದರಿಂದ ಅದನ್ನು ಬಿಟ್ಟರೆ ಏನೂ ಉಳಿಯುವುದಿಲ್ಲ. ಹತ್ತನೇ ತರಗತಿಯ ವಿಜ್ಞಾನ ಗೊತ್ತಿದ್ದರೆ ಸಾಕು.

ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿದೆ. ಕಿರುಬೆರಳಿನಷ್ಟೂ ದಪ್ಪವಿಲ್ಲದ ಆಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೀಟಿದ ತಂತಿ ಅಲುಗಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಅಷ್ಟೇ ವೇಗದಲ್ಲಿ ಏರಿಳಿಯುವ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಇಲ್ಲಿ ಮೈಕ್ ಇಲ್ಲ, ಗಾಳಿಯ ಸದ್ದನ್ನು ಹಿಡಿಯುವ ಪ್ರಶ್ನೆಯೂ ಇಲ್ಲ. ಮರ ಗಟ್ಟಿಯಾಗಿರುವುದರಿಂದ ಊಳಿಡುವ ಕಾಟವೂ ಬಹುಮಟ್ಟಿಗೆ ತಪ್ಪಿತು.

ಈ ಸಣ್ಣ ವಿದ್ಯುತ್ತು ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ವಾಲ್ಯೂಮ್ ನಾಬ್ ಇದೆ. ರಿಪೇರಿಯವರು ಅದನ್ನು ಪಾಟ್ ಎನ್ನುತ್ತಾರೆ. ಅದಕ್ಕೆ ಮೂರು ಕಾಲು. ಎರಡು ತುದಿಯ ಕಾಲುಗಳ ನಡುವೆ ಇಂಗಾಲದ ಪಟ್ಟಿ, ಅದರ ಮೇಲೆ ಓಡಾಡುವ ನಡುವಿನ ಕಾಲು. ಒಂದು ತುದಿಗೆ ಪಿಕಪ್ಪಿನಿಂದ ಬಂದ ತಂತಿ, ಇನ್ನೊಂದು ತುದಿ ಪಾಟಿನ ತಗಡಿಗೇ ಬೆಸುಗೆಯಾಗಿ ಗ್ರೌಂಡಿಗೆ, ನಡುವಿನ ಕಾಲು ಹೊರಗೆ ಹೋಗುವ ಜಾಕಿಗೆ. ಗದ್ದೆಗೆ ನೀರು ಬಿಡುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಲಗೆಯನ್ನು ಒಂದು ಕಡೆಗೆ ಸರಿಸಿದರೆ ನೀರೆಲ್ಲ ಗದ್ದೆಗೆ, ಇನ್ನೊಂದು ಕಡೆಗೆ ಸರಿಸಿದರೆ ನೀರೆಲ್ಲ ಹಳ್ಳಕ್ಕೆ, ನಡುವೆ ನಿಲ್ಲಿಸಿದರೆ ಪಾಲು. ಫೆಂಡರ್ ಗಿಟಾರುಗಳಲ್ಲಿ ಈ ಪಟ್ಟಿಯ ರೋಧ ಸಾಮಾನ್ಯವಾಗಿ 2,50,000 ಓಮ್. ಇಷ್ಟು ದೊಡ್ಡ ಸಂಖ್ಯೆ ಏಕೆಂದರೆ ನಾಬ್ ಪೂರ್ತಿ ತೆರೆದಿರುವಾಗ ಸಿಗ್ನಲ್ ಸುಮ್ಮನೆ ಹಳ್ಳಕ್ಕೆ ಸೋರಿಹೋಗಬಾರದು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಿವಿ ಶಬ್ದವನ್ನು ಕೂಡುವ ಲೆಕ್ಕದಲ್ಲಿ ಅಳೆಯುವುದಿಲ್ಲ, ಗುಣಿಸುವ ಲೆಕ್ಕದಲ್ಲಿ ಅಳೆಯುತ್ತದೆ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಆದ್ದರಿಂದ ವಾಲ್ಯೂಮಿಗೆ ಬಳಸುವ ಪಾಟಿನಲ್ಲಿ ಇಂಗಾಲದ ಪಟ್ಟಿಯನ್ನು ಒಂದೇ ಸಮನಾಗಿ ಬಳಿಯದೆ, ರೋಧ ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ ಏರುವಂತೆ ಮಾಡಿರುತ್ತಾರೆ. ತಪ್ಪು ಜಾತಿಯ ಪಾಟ್ ಹಾಕಿದರೆ ನಾಬನ್ನು ಸ್ವಲ್ಪ ತಿರುಗಿಸುತ್ತಲೇ ಸದ್ದೆಲ್ಲ ಬಂದುಬಿಟ್ಟು ಉಳಿದ ತಿರುವು ದಂಡವಾಗುತ್ತದೆ.

ಟೋನ್ ನಾಬ್ ಸದ್ದಿನ ಪ್ರಮಾಣವನ್ನಲ್ಲ, ಬಣ್ಣವನ್ನು ಬದಲಿಸುತ್ತದೆ. ಇಲ್ಲಿ ಪಾಟಿನ ಜೊತೆಗೆ ಒಂದು ಕೆಪಾಸಿಟರ್ ಇರುತ್ತದೆ. ಹಳೆಯ ರಿಪೇರಿಯವರು ಕಂಡೆನ್ಸರ್ ಎನ್ನುತ್ತಿದ್ದುದು ಇದನ್ನೇ. ಕೆಪಾಸಿಟರಿನ ಗುಣವೇನೆಂದರೆ ಬೇಗಬೇಗ ಏರಿಳಿಯುವ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ನಿಧಾನದ್ದನ್ನು ತಡೆಯುತ್ತದೆ. ಬಳಕೆಯಲ್ಲಿರುವ 0.047 ಮೈಕ್ರೊಫ್ಯಾರಡ್ ಕೆಪಾಸಿಟರನ್ನೇ ತೆಗೆದುಕೊಳ್ಳಿ. 100 ಹರ್ಟ್ಸ್‌ನ ಮಂದ್ರ ನಾದಕ್ಕೆ ಅದು ಸುಮಾರು 34,000 ಓಮ್‌ನಷ್ಟು ಅಡ್ಡಿ, 5,000 ಹರ್ಟ್ಸ್‌ನ ಕೀರಲು ನಾದಕ್ಕೆ ಬರೀ 680 ಓಮ್. ಲೆಕ್ಕ ಮಾಡಲು ಬಯಸುವ ವಿದ್ಯಾರ್ಥಿಗಳು 1ನ್ನು 2, ಪೈ, ಆವರ್ತಾಂಕ, ಕೆಪಾಸಿಟರಿನ ಬೆಲೆ ಇವುಗಳ ಗುಣಲಬ್ಧದಿಂದ ಭಾಗಿಸಿ ನೋಡಬಹುದು. ಕಾಫಿ ಬೀಜವನ್ನು ಜರಡಿ ಹಿಡಿದಾಗ ಸಣ್ಣ ಬೀಜ ಕೆಳಗೆ ಬಿದ್ದು ದಪ್ಪ ಬೀಜ ಮೇಲೆ ಉಳಿಯುವ ಹಾಗೆ, ಕೀರಲು ನಾದಗಳು ಕೆಪಾಸಿಟರಿನ ಮೂಲಕ ಗ್ರೌಂಡಿಗೆ ಇಳಿದುಹೋಗಿ ಗಂಭೀರ ನಾದಗಳು ಉಳಿಯುತ್ತವೆ. ಎಷ್ಟು ಇಳಿಯಬೇಕು ಎಂಬುದನ್ನು ಟೋನ್ ಪಾಟ್ ತೀರ್ಮಾನಿಸುತ್ತದೆ. ನಾಬ್ ಹತ್ತರಲ್ಲಿದ್ದರೆ ದಾರಿಯಲ್ಲಿ ಎರಡೂವರೆ ಲಕ್ಷ ಓಮ್ ಅಡ್ಡ ನಿಂತಿರುತ್ತದೆ, ಏನೂ ಸೋರುವುದಿಲ್ಲ. ಸೊನ್ನೆಗೆ ತಂದರೆ ಜರಡಿ ಪೂರ್ತಿ ತೆರೆಯುತ್ತದೆ.

ಫೆಂಡರ್ ಇದನ್ನು ಒಮ್ಮೆಲೇ ಸರಿಯಾಗಿ ಮಾಡಿಬಿಟ್ಟರು ಎಂದೇನಲ್ಲ. ಮೊದಲ ಬ್ರಾಡ್‌ಕಾಸ್ಟರಿನ ಎರಡನೆಯ ನಾಬ್ ಟೋನ್ ನಾಬೇ ಆಗಿರಲಿಲ್ಲ, ಎರಡು ಪಿಕಪ್‌ಗಳ ನಾದವನ್ನು ಬೆರೆಸುವ ನಾಬ್ ಆಗಿತ್ತು. 1952ರಲ್ಲಿ ಅದನ್ನು ತೆಗೆದು ನಿಜವಾದ ಟೋನ್ ನಾಬ್ ಮಾಡಿದರು. ಆಗಲೂ ಸ್ವಿಚ್ಚಿನ ಒಂದು ಸ್ಥಾನದಲ್ಲಿ ಬಾಸ್ ವಾದ್ಯದಂತೆ ಗುಂಯ್‌ಗುಡುವ ಮಂಕು ನಾದವೇ ಬರುತ್ತಿತ್ತು. ಆಗಿನ್ನೂ ಬಾಸ್ ಗಿಟಾರ್ ಅಪರೂಪ, ಗಿಟಾರಿನವರೇ ಆ ಕೆಲಸವನ್ನೂ ಮಾಡಲಿ ಎಂಬ ಉದ್ದೇಶ. ಇಂದು ಕಾಣುವ ಸರಳ ಜೋಡಣೆ ಬಂದದ್ದು 1967ರಲ್ಲಿ, ಅಷ್ಟು ಹೊತ್ತಿಗೆ ಫೆಂಡರ್ ಆ ಕಂಪನಿಯಲ್ಲೇ ಇರಲಿಲ್ಲ.

ಸ್ಟ್ರಾಟೊಕಾಸ್ಟರಿನಲ್ಲಿ ಮೂರು ಪಿಕಪ್, ಒಂದು ವಾಲ್ಯೂಮ್, ಎರಡು ಟೋನ್. ಆ ಎರಡು ಟೋನ್ ನಾಬುಗಳಿಗೂ ಸೇರಿ ಒಂದೇ ಕೆಪಾಸಿಟರ್. ಲೆಕ್ಕಿಗರ ಕೈ ಇಲ್ಲಿಯೂ ಕಾಣುತ್ತದೆ. ವಾಲ್ಯೂಮ್ ನಾಬನ್ನು ತಂತಿಗಳಿಗೆ ಎಷ್ಟು ಹತ್ತಿರ ಇಟ್ಟರೆಂದರೆ, ಬಲಗೈ ಮೀಟುತ್ತಿರುವಾಗಲೇ ಕಿರುಬೆರಳಿನಿಂದ ನಾಬ್ ತಿರುಗಿಸಿ ಸದ್ದನ್ನು ಪಿಟೀಲಿನಂತೆ ಮೆಲ್ಲಗೆ ಏರಿಸಬಹುದು. ಸೇತುವೆಯ ಪಕ್ಕದ ಪಿಕಪ್ಪಿಗೆ ಮಾತ್ರ ಟೋನ್ ನಾಬೇ ಇಲ್ಲ. ಆ ಪಿಕಪ್ಪಿನ ನಾದ ತೀರ ಚುರುಕು, ನಿಜವಾಗಿ ಅದಕ್ಕೇ ಟೋನ್ ಬೇಕಾಗಿದ್ದುದು. ಎಷ್ಟೋ ವಾದ್ಯಗಾರರು ಮುಂಭಾಗದ ಫಲಕ ಬಿಚ್ಚಿ ತಂತಿಯನ್ನು ತಾವೇ ಬದಲಿಸಿಕೊಂಡರು. ಸ್ವಿಚ್ಚಿಗೆ ಮೂರೇ ಸ್ಥಾನಗಳಿದ್ದವು. ಅದನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿದರೆ ಹೊಸದೊಂದು ನಾದ ಬರುತ್ತದೆಂದು ನುಡಿಸುವವರೇ ಕಂಡುಕೊಂಡರು. ಕಂಪನಿ ಐದು ಸ್ಥಾನಗಳ ಸ್ವಿಚ್ ಹಾಕಿದ್ದು 1977ರಲ್ಲಿ. ಬಿಚ್ಚಿದರೆ ಕೆಡುವಂಥ ವಾದ್ಯವಾಗಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಗಿಟಾರಿನ ಕತ್ತನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದದ್ದೂ ಇದೇ ವಿಚಾರದಿಂದ. ಕತ್ತು ಕೆಟ್ಟರೆ ಬೇರೆ ಕತ್ತು ಹಾಕು, ಅಷ್ಟೆ. ಹಳೆಯ ಪಿಟೀಲು ತಯಾರಕರಿಗೆ ಇದು ಅಪಚಾರವೆನಿಸಿರಬಹುದು.

ಕಾರ್ಖಾನೆಯಲ್ಲಿ ಪಿಕಪ್ ಸುತ್ತುವ, ಬೆಸುಗೆ ಹಾಕುವ ಕೆಲಸವನ್ನು ಹೆಚ್ಚಾಗಿ ಮಾಡುತ್ತಿದ್ದವರು ಹೆಣ್ಣುಮಕ್ಕಳು. ಹಲವರು ಮೆಕ್ಸಿಕೋ ಮೂಲದ ಕುಟುಂಬಗಳವರು. ಅಬಿಗೈಲ್ ಇಬಾರಾ ಎಂಬಾಕೆ 1956ರಲ್ಲಿ ಸೇರಿ ದಶಕಗಳ ಕಾಲ ಪಿಕಪ್ ಸುತ್ತಿದರು. ಅವರ ಕೈಯ ಪಿಕಪ್ ಎಂದರೆ ಇಂದು ದೊಡ್ಡ ಮರ್ಯಾದೆ. 1954ರ ಸುಮಾರಿನ ಗಿಟಾರುಗಳನ್ನು ಬಿಚ್ಚಿದರೆ ಒಳಗೆ ಅಂಟುಪಟ್ಟಿಯ ಚೂರಿನ ಮೇಲೆ ಮೇರಿ, ಗ್ಲೋರಿಯಾ ಎಂದು ತಂತಿ ಜೋಡಿಸಿದವರ ಹೆಸರು, ತಾರೀಖು ಬರೆದಿರುವುದು ಕಾಣುತ್ತದೆ. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕುಳಿತು ಬೀಜ ಆರಿಸಿದ ನಮ್ಮ ತಾಯಂದಿರ ಹೆಸರು ಯಾವ ಕಾಫಿ ಮೂಟೆಯ ಮೇಲೂ ಇಲ್ಲ ಎಂಬುದು ಇದನ್ನು ಬರೆಯುವಾಗ ನೆನಪಿಗೆ ಬಂತು.

ಫೆಂಡರ್ ಮಿತಭಾಷಿ. ಸಂಜೆಯ ಹೊತ್ತು ನೃತ್ಯ ಕೂಟಗಳಿಗೆ ಹೋಗಿ ವೇದಿಕೆಯ ಪಕ್ಕ ನಿಂತು ವಾದ್ಯಗಾರರ ದೂರು ಕೇಳುವುದು ಅವರ ಪದ್ಧತಿ. ಹೊಸ ಮಾದರಿಯನ್ನು ಮೊದಲು ನುಡಿಸುವವರ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಕಾರಿನ ಡಿಕ್ಕಿಯಲ್ಲಿ ಎಸೆದು, ಬೀಳಿಸಿ, ಬೆವರು ಸುರಿಸಿ ತಂದು ಹಿಂತಿರುಗಿಸಿದ ಮೇಲೆ ಏನು ಕೆಟ್ಟಿದೆ ಎಂದು ನೋಡುತ್ತಿದ್ದರು. ತನಗೆ ನುಡಿಸಲು ಬಾರದಿದ್ದುದರಿಂದಲೇ ಬರುವವರ ಮಾತನ್ನು ಅಷ್ಟು ಶ್ರದ್ಧೆಯಿಂದ ಕೇಳಿದರು ಎಂದು ನನ್ನ ಅಭಿಪ್ರಾಯ.

ಈ ತಂತಿಗಳ ವಿಷಯದಲ್ಲಿ ನಮ್ಮ ಊರುಗಳಿಗೆ ಸಂಬಂಧಿಸಿದ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಮಳೆಯನ್ನು ಇಂಚುಗಳಲ್ಲಿ ಅಳೆದು ನೂರರ ಲೆಕ್ಕ ಹೇಳುವ ಕಳಸ, ಮೂಡಿಗೆರೆಗಳಲ್ಲಿ ಯಾವ ಪಾಟೂ ನೆಮ್ಮದಿಯಿಂದ ಬಾಳುವುದಿಲ್ಲ. ಆಷಾಢ ಕಳೆಯುವ ಹೊತ್ತಿಗೆ ತಿರುಗಿಸಿದರೆ ಕರಕರ ಸದ್ದು. ಒಳಗಿನ ಇಂಗಾಲದ ಪಟ್ಟಿಯ ಮೇಲೆ ತೇವ, ಬೂಷ್ಟು, ದೂಳು ಕೂತಿರುತ್ತದೆ. ಕೊಬ್ಬರಿ ಎಣ್ಣೆ ಬಿಟ್ಟರೆ ಆ ದಿನ ಸರಿಹೋದಂತೆ ಕಾಣುತ್ತದೆ, ಆಮೇಲೆ ಅದೇ ಎಣ್ಣೆಗೆ ದೂಳು ಅಂಟಿ ಎರಡರಷ್ಟಾಗುತ್ತದೆ. ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಬನ್ನು ಇಪ್ಪತ್ತು ಮೂವತ್ತು ಸಲ ಆಚೆ ಈಚೆ ತಿರುಗಿಸಬೇಕು. ರೇಡಿಯೋ, ಮೈಕ್‌ಸೆಟ್, ಗಿಟಾರ್ ಎಲ್ಲಕ್ಕೂ ಇದೇ ಮದ್ದು.

ಎರಡನೆಯದು ಪ್ರಾಣದ ವಿಷಯ. ಗಿಟಾರಿನ ಉಕ್ಕಿನ ತಂತಿಗಳನ್ನು ಒಂದು ತಂತಿಯ ಮೂಲಕ ಗ್ರೌಂಡಿಗೆ ಜೋಡಿಸಿರುತ್ತಾರೆ. ಗುಂಯ್‌ಗುಡುವ ಸದ್ದು ನುಡಿಸುವವನು ತಂತಿ ಮುಟ್ಟಿದ ಕೂಡಲೇ ಕಡಿಮೆಯಾಗುವುದು ಇದರಿಂದ. ಆದರೆ ಇದರ ಅರ್ಥ, ನುಡಿಸುವವನ ಮೈ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸದಾ ಜೋಡಿಕೊಂಡೇ ಇರುತ್ತದೆ ಎಂದು. ಆಂಪ್ಲಿಫೈಯರಿಗೆ ಸರಿಯಾದ ಅರ್ತಿಂಗ್ ಇಲ್ಲದೆ ಒಳಗೆ ಸೋರಿಕೆಯಾದರೆ, ಒಂದು ಕೈಯಲ್ಲಿ ಗಿಟಾರ್ ಹಿಡಿದು ಇನ್ನೊಂದು ಕೈಯಲ್ಲಿ ಮೈಕ್ ಮುಟ್ಟಿದವನ ಎದೆಯ ಮೂಲಕ ವಿದ್ಯುತ್ ಹರಿಯುತ್ತದೆ. ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ಲೆಸ್ಲಿ ಹಾರ್ವೆ ಎಂಬ ಸ್ಕಾಟ್ಲೆಂಡಿನ ಗಿಟಾರ್ ವಾದಕ 1972ರ ಮೇ ತಿಂಗಳಲ್ಲಿ ಸ್ವಾನ್‌ಸೀ ನಗರದ ವೇದಿಕೆಯ ಮೇಲೆಯೇ ತೀರಿಕೊಂಡರು. ನಮ್ಮಲ್ಲಿ 230 ವೋಲ್ಟ್, ಮಳೆಗೆ ನೆಂದ ನೆಲ, ಬಿದಿರ ಗಳುಗಳ ಮೇಲೆ ಎಳೆದ ವೈರು. ಗುಂಯ್ ಸದ್ದು ಹೋಗಲೆಂದು ಮೂರನೆಯ ಪಿನ್ನನ್ನೇ ಮುರಿದು ಹಾಕುವವರೂ ಇದ್ದಾರೆ. ಇದ್ದಿಲು ಉಪ್ಪು ಹಾಕಿ ಹೂತ ಅರ್ತಿಂಗ್ ಗುಂಡಿಯಿಂದ ತಂತಿ ಎಳೆಯದೆ ಯಾವ ಆರ್ಕೆಸ್ಟ್ರಾವನ್ನೂ ವೇದಿಕೆ ಹತ್ತಿಸಬಾರದೆಂದು ಊರಿನ ಉತ್ಸವ ಸಮಿತಿಗಳವರಲ್ಲಿ ವಿನಂತಿ. ಈ ಸಂಚಿಕೆ ಕೈಗೆ ಬರುವ ದಿನವೂ ಒಂದು ಆರ್ಕೆಸ್ಟ್ರಾ ಇದ್ದರೆ ಅಂದೂ ಇದೇ ಮಾತು.

ಫೆಂಡರ್ ಕಥೆಗೆ ಮರಳೋಣ. 1950ರ ದಶಕದ ನಡುವಿನಲ್ಲಿ ಅವರಿಗೆ ಮೂಗಿನ ಸೈನಸ್‌ಗಳ ಸೋಂಕು ಹತ್ತಿತು. ಎಷ್ಟು ಔಷಧಿ ಮಾಡಿದರೂ ಬಿಡದೆ ವರ್ಷಗಟ್ಟಲೆ ಕಾಡಿತು. ಕಾರ್ಖಾನೆ ನೂರಾರು ಜನರಿಗೆ ಬೆಳೆದಿತ್ತು. ಬಡ್ಡಿ ಹೋಲಿಯಂಥ ಗಾಯಕರು ಸ್ಟ್ರಾಟೊಕಾಸ್ಟರ್ ಹಿಡಿದು ಜಗತ್ಪ್ರಸಿದ್ಧರಾಗಿದ್ದರು. ಆದರೆ ತಾವು ಹೆಚ್ಚು ದಿನ ಬದುಕುವುದಿಲ್ಲ ಎಂದು ಫೆಂಡರ್ ನಿಶ್ಚಯಿಸಿಬಿಟ್ಟರು. ಮಾರಾಟ ವಿಭಾಗ ನೋಡಿಕೊಳ್ಳುತ್ತಿದ್ದ ಡಾನ್ ರಾಂಡಲ್ ಅವರಿಗೆ ಕಂಪನಿಯನ್ನು ಹದಿನೈದು ಲಕ್ಷ ಡಾಲರಿಗೆ ಕೊಟ್ಟುಬಿಡಲು ಸಿದ್ಧರಿದ್ದರು. ರಾಂಡಲ್ ಬೇರೆ ಗಿರಾಕಿ ಹುಡುಕಿದರು. 1965ರ ಜನವರಿಯಲ್ಲಿ ಸಿ.ಬಿ.ಎಸ್. ಎಂಬ ದೊಡ್ಡ ಪ್ರಸಾರ ಸಂಸ್ಥೆ 1 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು. ಅಂದಿನ ವಿನಿಮಯ ದರದಲ್ಲಿ ಸುಮಾರು ಆರು ಕೋಟಿ ರೂಪಾಯಿ. ಹತ್ತು ವರ್ಷ ಸ್ಪರ್ಧೆಗೆ ಇಳಿಯುವುದಿಲ್ಲ ಎಂಬ ಕರಾರಿಗೂ ಸಹಿ ಬಿತ್ತು.

ಆಮೇಲೆ ವೈದ್ಯರನ್ನು ಬದಲಿಸಿದರು, ಕಾಯಿಲೆ ವಾಸಿಯಾಯಿತು! ಸಾಯುವೆನೆಂದು ಆಸ್ತಿ ಮಾರಿದ ಮನುಷ್ಯ ಆಮೇಲೆ ಇಪ್ಪತ್ತಾರು ವರ್ಷ ಬದುಕಿದರು. ಕಾಯಿಲೆ ಬಿದ್ದಾಗ ತೋಟ ಮಾರಿ, ಚೇತರಿಸಿಕೊಂಡ ಮೇಲೆ ಅದೇ ಬೇಲಿಯ ಹೊರಗೆ ಓಡಾಡಬೇಕಾಗಿ ಬಂದವರು ನಮ್ಮ ಸೀಮೆಯಲ್ಲೂ ಇದ್ದಾರೆ, ಆ ಸಂಕಟ ಅವರಿಗೆ ಗೊತ್ತಿರುತ್ತದೆ. ತಮ್ಮ ಹೆಸರಿನ ಹಲಗೆ ಹೊತ್ತ ಕಾರ್ಖಾನೆ ಅದೇ ಊರಿನಲ್ಲಿ ಬೇರೆಯವರ ಕೈಯಲ್ಲಿ ನಡೆಯುತ್ತಿತ್ತು. ಗುಣಮಟ್ಟ ಇಳಿಯಿತು ಎಂಬ ದೂರು ವಾದ್ಯಗಾರರಿಂದ ಕೇಳಿಬಂತು. ತಮ್ಮ ಹೆಸರನ್ನು ತಾವೇ ಗಿಟಾರಿನ ಮೇಲೆ ಹಾಕಿಕೊಳ್ಳುವಂತಿರಲಿಲ್ಲ. ವಿಪರ್ಯಾಸವೆಂದರೆ ಜಿಮಿ ಹೆಂಡ್ರಿಕ್ಸ್ ಎಡಗೈಯವರಾದ್ದರಿಂದ ಬಲಗೈ ಸ್ಟ್ರಾಟೊಕಾಸ್ಟರನ್ನು ತಿರುಗಿಸಿ ಹಿಡಿದು ಜಗತ್ತನ್ನು ಬೆರಗುಗೊಳಿಸಿದ್ದು ಈ ವರ್ಷಗಳಲ್ಲೇ. ವಾಲ್ಯೂಮ್ ನಾಬ್ ಆಗ ಮೇಲ್ಗಡೆಗೆ ಬಂದಿತ್ತು.

ಕರಾರಿನ ಅವಧಿ ಮುಗಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. ಮರುವರ್ಷ ಬಂದ ಅದರ ಬಾಸ್ ಗಿಟಾರಿನಲ್ಲಿ ಬ್ಯಾಟರಿಯಿಂದ ನಡೆಯುವ ಟೋನ್ ಮಂಡಲವಿತ್ತು. ಹಳೆಯ ಟೋನ್ ನಾಬ್ ನಾದವನ್ನು ಕಳೆಯಬಲ್ಲದು ಮಾತ್ರ, ಬ್ಯಾಟರಿಯ ಮಂಡಲ ಕೂಡಿಸಲೂ ಬಲ್ಲದು. 1979ರಲ್ಲಿ ಹೆಂಡತಿ ಎಸ್ತರ್ ತೀರಿಕೊಂಡರು. ಅದೇ ವರ್ಷ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ ಅವರೊಡನೆ ಜಿ ಆಂಡ್ ಎಲ್ ಎಂಬ ಹೊಸ ಕಂಪನಿ ಶುರುವಾಯಿತು. ಎಪ್ಪತ್ತನೆಯ ವಯಸ್ಸಿನಲ್ಲಿ ಮತ್ತೆ ಅದೇ ಮೇಜು, ಅದೇ ಬೆಸುಗೆ ಕಡ್ಡಿ. 1980ರಲ್ಲಿ ಫಿಲ್ಲಿಸ್ ಎಂಬುವರನ್ನು ಮದುವೆಯಾದರು. ಇತ್ತ ಸಿ.ಬಿ.ಎಸ್. ಸಂಸ್ಥೆ ಹಳೆಯ ಕಂಪನಿಯನ್ನು 1985ರಲ್ಲಿ ಅಲ್ಲಿನ ನೌಕರರ ತಂಡಕ್ಕೇ ಮಾರಿತು. ಕೊಟ್ಟ ಬೆಲೆಗಿಂತ ಕಡಿಮೆಗೆ, 1 ಕೋಟಿ 25 ಲಕ್ಷ ಡಾಲರಿಗೆ.

ರಿಪೇರಿ ಮೇಜಿನಿಂದ ವಾದ್ಯಕ್ಕೆ ಬರುವ ದಾರಿ ನಮ್ಮ ನಾಡಿನಲ್ಲೂ ತುಳಿದದ್ದುಂಟು. ಬೆಂಗಳೂರಿನಲ್ಲಿ ಎಂಜಿನಿಯರರೂ ಕೊಳಲುವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿ, ತಾಳಯಂತ್ರಗಳನ್ನು ರೂಪಿಸಿದರು. ಇಂದು ಸಂಗೀತ ಪಾಠ ನಡೆಯುವ ಮನೆಮನೆಯಲ್ಲಿ ಕಾಣುವ ಆ ಪೆಟ್ಟಿಗೆಯ ಮುಂಭಾಗದಲ್ಲೂ ಶ್ರುತಿಯ ಪಕ್ಕದಲ್ಲೇ ವಾಲ್ಯೂಮ್ ಇದೆ.

ಕೊನೆಯ ವರ್ಷಗಳಲ್ಲಿ ಫೆಂಡರ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಕೈ ನಡುಗುವ ರೋಗ, ಬೆಸುಗೆ ಹಾಕುವವನಿಗೆ ಇದಕ್ಕಿಂತ ಕ್ರೂರವಾದದ್ದು ಇನ್ನೇನು? ಆದರೂ ದಿನಾ ಕಾರ್ಖಾನೆಗೆ ಬರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 20ರಂದು ಎಂದಿನಂತೆ ಕೆಲಸಕ್ಕೆ ಬಂದಿದ್ದರು. ಮರುದಿನ, ಮಾರ್ಚ್ 21ರಂದು, ಫುಲ್ಲರ್ಟನ್‌ನಲ್ಲಿ ತೀರಿಕೊಂಡರು. ವಯಸ್ಸು 81. ಮರುವರ್ಷ ಅಮೆರಿಕದ ರಾಕ್ ಸಂಗೀತದ ಗೌರವ ಮಂದಿರದಲ್ಲಿ ಅವರ ಹೆಸರು ಸೇರಿತು. ಜಿ ಆಂಡ್ ಎಲ್ ಕಾರ್ಖಾನೆಯವರು ಅವರು ಕೂರುತ್ತಿದ್ದ ಕೋಣೆಯನ್ನು, ಉಪಕರಣಗಳ ಸಮೇತ, ಅವರು ಬಿಟ್ಟುಹೋದ ಹಾಗೆಯೇ ಇಟ್ಟುಕೊಂಡರು.